ಎತ್ತು ಏಳುವವರೆಗೆ

ಆ ಊರಿನ ಹೆಸರು ಬರೆಯುವುದಿಲ್ಲ. ತಾಂಬಾ ದಾಟಿ ಇಂಡಿಯ ಕಡೆಗೆ ಹೋಗುವಾಗ ಕಾಲುವೆಯ ಪಕ್ಕದ ಮಣ್ಣಿನ ರಸ್ತೆಗೆ ತಿರುಗಿದರೆ ಸಿಗುವ ಊರುಗಳಲ್ಲಿ ಅದೊಂದು. ಹೆಸರು ಹೇಳಿದರೆ ಅವರ ಮಾನ ಹೋಗುತ್ತದೆ ಎಂಬ ಕಾಳಜಿ ನನಗಿಲ್ಲ. ಆ ಅಕ್ಷರಗಳನ್ನು ನನ್ನ ಕೈಯಿಂದ ಬರೆಯಲು ಮನಸ್ಸಿಲ್ಲ, ಅಷ್ಟೆ. ಈಗ ನಾನು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಇಂಡಿಗೆ ಹೋಗುವ ಕೆಲಸ ಬಿದ್ದರೆ ತಾಂಬಾ ರಸ್ತೆ ಬಿಟ್ಟು ವಿಜಯಪುರದ ಮೇಲೆ ಸುತ್ತು ಹಾಕಿಕೊಂಡು ಹೋಗುತ್ತೇನೆ. ಯಾರಾದರೂ ‘ಯಾಕ್ರಿ ಅಕ್ಕೋರ, ಹಿಂಗ ಸುತ್ತಿ ಹೊಂಟೀರಿ?’ ಎಂದು ಕೇಳಿದರೆ ‘ಆ ರಸ್ತೆ ಕೆಟ್ಟದ’ ಎನ್ನುತ್ತೇನೆ. ರಸ್ತೆ ಚೆನ್ನಾಗಿಯೇ ಇದೆ.

ಎಂ.ಎಸ್ಸಿ. ಮುಗಿಸಿ ಬಸವನ ಬಾಗೇವಾಡಿಯ ಮನೆಯಲ್ಲಿ ಕೂತಿದ್ದ ನನಗೆ ಒಂದು ಸಂಶೋಧನಾ ಯೋಜನೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ಆಫ್ರಿಕಾದಲ್ಲಿ ನಿದ್ರಾರೋಗ ಎಂಬುದೊಂದಿದೆ. ಒಂದು ಜಾತಿಯ ನೊಣ ಕಚ್ಚಿದಾಗ ಮನುಷ್ಯನ ರಕ್ತಕ್ಕೆ ಸೂಕ್ಷ್ಮ ಜೀವಿಯೊಂದು ಸೇರುತ್ತದೆ. ಮೊದಲು ಜ್ವರ, ಆಮೇಲೆ ಹಗಲು ನಿದ್ದೆ, ರಾತ್ರಿ ಎಚ್ಚರ, ಔಷಧ ಸಿಗದಿದ್ದರೆ ಕೊನೆಗೆ ಏಳದ ನಿದ್ದೆ. ಆ ನೊಣ ನಮ್ಮಲ್ಲಿಲ್ಲ. ಆದರೆ ಆ ಜೀವಿಯ ದಾಯಾದಿಯೊಂದು ನಮ್ಮ ಎತ್ತು, ಎಮ್ಮೆ, ಕುದುರೆಗಳ ರಕ್ತದಲ್ಲಿ ಬದುಕುತ್ತದೆ. ಅದು ತರುವ ಕಾಯಿಲೆಗೆ ಸರ್ರಾ ಎನ್ನುತ್ತಾರೆ. ನಮ್ಮ ದನಗಳಿಗೆ ಮುತ್ತುವ ದೊಡ್ಡ ಕಡಿನೊಣಗಳೇ ಅದನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಆಫ್ರಿಕಾದಲ್ಲಿ ನಿದ್ರಾರೋಗವನ್ನು ಹತೋಟಿಗೆ ತಂದದ್ದು ಹಳ್ಳಿ ಹಳ್ಳಿಗೆ ಹೋಗಿ, ಬೆರಳಿನ ಒಂದು ಹನಿ ರಕ್ತವನ್ನು ಕಾರ್ಡಿನ ಮೇಲೆ ನೀಲಿ ದ್ರಾವಣದೊಂದಿಗೆ ಕಲಸಿ ನೋಡುವ ಸರಳ ಪರೀಕ್ಷೆಯಿಂದ, ಮತ್ತು ನೀಲಿ-ಕಪ್ಪು ಬಟ್ಟೆಯ ಬಲೆ ಕಟ್ಟಿ ನೊಣ ಹಿಡಿಯುವುದರಿಂದ. ಅದೇ ರೀತಿ ನಮ್ಮ ದನಗಳಿಗೆ ಕೆಲಸ ಮಾಡುತ್ತದೆಯೇ ಎಂದು ನೋಡುವುದು ನಮ್ಮ ಯೋಜನೆ.

ಯೋಜನೆಯ ಪಶುವೈದ್ಯರಾದ ನಮ್ಮ ಡಾಕ್ಟರು ಸಿಂದಗಿ ಊರಿನವರು. ತಲೆಮಾರುಗಳಿಂದ ಅಲ್ಲೇ ಇರುವ ಮುಸ್ಲಿಂ ಮನೆತನ. ತಂದೆ ಕನ್ನಡ ಸಾಲಿ ಮಾಸ್ತರರಾಗಿದ್ದವರು. ನಾನು ಮನೆಯಲ್ಲಿ ಮರಾಠಿ ಆಡಿ ಬೆಳೆದವಳು. ಮಾತಿನ ನಡುವೆ ಮರಾಠಿ ನುಸುಳಿದರೆ ಅವರು ‘ಕನ್ನಡದಾಗ ಹೇಳವ್ವಾ, ಎತ್ತಿಗೆ ತಿಳೀಬೇಕಲ್ಲ’ ಎಂದು ಕಾಡುತ್ತಿದ್ದರು. ಬಲೆಗಳನ್ನು ಹೊಲಿಸಲು ಸಿಂದಗಿಯ ಟೇಲರನ ಬಳಿ ಹೋದಾಗ ಆತ ನೀಲಿ ಬಟ್ಟೆ, ಕಪ್ಪು ಬಟ್ಟೆ, ಅಳತೆ ಎಲ್ಲ ನೋಡಿ, ‘ಯಾವ ದೆವ್ವಕ್ಕರೀ ಸಾಹೇಬ್ರ ಈ ಲಂಗಾ ಪರಕಾರ?’ ಎಂದಿದ್ದ. ನಾವು ಗಂಟಲು ಬಿಚ್ಚಿ ನಕ್ಕಿದ್ದೆವು.

ಕಾರಹುಣ್ಣಿಮೆಯ ಮುಂಚಿನ ವಾರ ಆ ಊರಿಗೆ ಮೊದಲ ಸಲ ಹೋದೆವು. ಕಾಲುವೆಯ ನೀರು ಬಂದ ಮೇಲೆ ಅಲ್ಲಿ ನಿಂಬೆಯ ತೋಟಗಳಾಗಿವೆ. ತೇವ ಇದ್ದಲ್ಲಿ ಕಡಿನೊಣವೂ ಇರುತ್ತದೆ. ಕಾಲುವೆಯ ದಂಡೆಯ ಒಂದು ಹೊಲದಲ್ಲಿ ಬಲೆ ಕಟ್ಟಲು ಒಪ್ಪಿದ ರೈತನ ಬಳಿ ಬಿಳಿಯ ಖಿಲಾರಿ ಎತ್ತೊಂದಿತ್ತು. ಎತ್ತರದ ಭುಜ, ಕತ್ತಿಯಂಥ ಕೋಡು. ಅದು ಅವನೊಬ್ಬನ ಎತ್ತಾಗಿರಲಿಲ್ಲ, ಊರಿನ ಎತ್ತಾಗಿತ್ತು. ಕಾರಹುಣ್ಣಿಮೆಯ ಸಂಜೆ ಊರ ಬಾಗಿಲಾದ ಅಗಸಿಗೆ ಅಡ್ಡಲಾಗಿ ಬೇವಿನ ಎಲೆಯ ಹಗ್ಗ ಕಟ್ಟಿ, ಎತ್ತುಗಳನ್ನು ಓಡಿಸಿ, ಯಾವುದು ಮೊದಲು ಹಗ್ಗ ಹರಿಯುತ್ತದೆಂದು ನೋಡುತ್ತಾರೆ. ಅದಕ್ಕೆ ಕರಿ ಹರಿಯುವುದು ಎನ್ನುತ್ತಾರೆ. ಬಿಳಿ ಎತ್ತು ಹರಿದರೆ ಆ ವರ್ಷ ಬಿಳಿಜೋಳ ಹುಲುಸು, ಕೆಂದೆತ್ತು ಹರಿದರೆ ಕೆಂಪು ಕಾಳು. ಹಿಂದಿನ ವರ್ಷಗಳಲ್ಲಿ ಹರಿದದ್ದು ಇದೇ ಎತ್ತು.

ಕಿವಿಯ ನರದಿಂದ ರಕ್ತ ತೆಗೆದು ಕಾರ್ಡಿನ ಮೇಲೆ ಹಾಕಿದೆವು. ನೀಲಿ ದ್ರಾವಣ ಒಡೆದು ಹರಳುಹರಳಾಗಿ ಗುಂಪುಗೂಡಿತು. ಎಂದರೆ ಎತ್ತಿನ ಮೈ ಆ ಜೀವಿಯೊಂದಿಗೆ ಹೋರಾಡುತ್ತಿದೆ. ಇನ್ನೊಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದೆ. ಏನೂ ಕಾಣಲಿಲ್ಲ. ಹಾಗಾಗುವುದು ಸಹಜ. ಅವು ರಕ್ತದಲ್ಲಿ ಅಲೆಯ ಹಾಗೆ ಏರುತ್ತವೆ, ಇಳಿಯುತ್ತವೆ. ಇಳಿದ ದಿನ ನೋಡಿದರೆ ಸಿಗುವುದಿಲ್ಲ. ಎತ್ತು ದಣಿದರೆ ಒಮ್ಮೆಲೇ ಏರುತ್ತವೆ. ಡಾಕ್ಟರು ಇದನ್ನೆಲ್ಲ ರೈತನಿಗೆ ಬಿಡಿಸಿ ಹೇಳಿದರು.

‘ಈ ಸಲ ಕರಿಗೆ ಓಡಸಬ್ಯಾಡ. ಔಷಧ ತರಸ್ತೇನಿ. ಅಲ್ಲೀತನ ದಣಿವು ಆಗಬಾರದು.’

ರೈತ ಎತ್ತಿನ ಗಂಗೆದೊಗಲು ತಿಕ್ಕುತ್ತಿದ್ದ. ಉತ್ತರ ಕೊಟ್ಟವನು ಅವನ ಚಿಕ್ಕಪ್ಪನ ಮಗ, ಸದಾ ಕೈಯಲ್ಲಿ ಮೊಬೈಲು ಹಿಡಿದೇ ಮಾತನಾಡುವ ಆಸಾಮಿ. ಮೂವತ್ತರ ಆಸುಪಾಸು, ಇಸ್ತ್ರಿ ಅಂಗಿ.

‘ಓಡಸಬ್ಯಾಡಂದ್ರ? ತತ್ತಿ, ಎಣ್ಣಿ, ಅರಿಶಿಣ ಗೊಟ್ಟದಾಗ ಹಾಕಿ ಕುಡಿಸಿ ಕುಡಿಸಿ ಗರಡಿ ಪೈಲ್ವಾನನಂಗ ಮಾಡೇವಿ. ಅಕ್ಕೋರ, ಕೊಳವ್ಯಾಗ ಏನರೆ ಕಾಣತೇನ್ರಿ?’

‘ಈ ಹನಿಯೊಳಗ ಕಾಣಲಿಲ್ಲ. ಆದ್ರ ಕಾರ್ಡಿನೊಳಗ—’

‘ಕಾಣಲಿಲ್ಲಲ್ಲ? ಮುಗೀತು ನೋಡ್ರಿ. ಕಾರ್ಡು ಗೀರ್ಡು ಎಲ್ಲಾ ಇಲೆಕ್ಷನ್ನಿನಾಗ ಕೇಳ್ತಾರ.’

ಸುತ್ತಲಿನವರು ನಕ್ಕರು. ನಾವು ಬಲೆ ಕಟ್ಟಿ ಬಂದೆವು.

ಕರಿ ಹರಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ರೈತನ ಫೋನು ಬಂತು. ಎತ್ತು ಓಡಿತ್ತು, ಹಗ್ಗವನ್ನೂ ಹರಿದಿತ್ತು. ಮರುದಿನದಿಂದ ಮೇವು ಮುಟ್ಟಿಲ್ಲ, ಗಿರಕಿ ಹೊಡೆಯುತ್ತಿದೆ, ಹಿಂಗಾಲು ಎಳೆಯುತ್ತಿದೆ. ‘ಬರ್ರಿ ಸಾಹೇಬ್ರ, ಕಾಲಿಗೆ ಬೀಳ್ತೇನಿ’ ಎಂದು ಅವನು ಅಂದದ್ದು ನನಗೂ ಕೇಳಿಸಿತು. ಔಷಧ ಅಷ್ಟರಲ್ಲಿ ಬಂದಿತ್ತು. ಡಾಕ್ಟರೇ ಜೀಪು ಓಡಿಸಿದರು. ಕರೆದವರ ಮನೆಗೆ ಹೋಗುತ್ತಿದ್ದೇವೆ ಎಂಬ ಧೈರ್ಯ ನನಗೆ.

ಊರಿಗಿಂತ ಮೊದಲೇ ನಮ್ಮ ಬಲೆ ಸಿಕ್ಕಿತು. ಅದನ್ನು ಕಿತ್ತು ಬೈಕಿನ ಹಿಂದೆ ಕಟ್ಟಿ ಎಳೆದಿದ್ದರು. ಕಪ್ಪು ಬಟ್ಟೆ ಚಿಂದಿಯಾಗಿ ರಸ್ತೆಯ ಉದ್ದಕ್ಕೂ ಬಿದ್ದಿತ್ತು. ಡಾಕ್ಟರು ಅದನ್ನು ನೋಡಿ ಗಾಡಿಯ ವೇಗ ಇಳಿಸಿದರು, ಮತ್ತೆ ಏರಿಸಿದರು.

ನಿಂಬೆಯ ಗಿಡಗಳ ಕೆಳಗೆ ಎತ್ತು ನಿಂತಿತ್ತು. ಕೋಡಿನ ಬಣ್ಣ ಇನ್ನೂ ಹಸಿಯಿದ್ದಂತೆ ಹೊಳೆಯುತ್ತಿತ್ತು, ಹಣೆಯ ಮೇಲೆ ಒಣಗಿದ ಬಾಸಿಂಗ. ತಲೆ ಎಡಕ್ಕೆ ವಾಲಿಸಿ ಒಂದೇ ಕಡೆ ಸುತ್ತುತ್ತಿತ್ತು. ಅದರ ಸುತ್ತ ಊರ ಗಂಡಸರೆಲ್ಲ ಇದ್ದರು. ಯಾರೂ ‘ಬರ್ರಿ’ ಎನ್ನಲಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ವೈರಿ ಬಂದರೂ ‘ಬರ್ರಿ’ ಎನ್ನುತ್ತಾರೆ.

‘ಬಂದ್ರು ನೋಡ್ರಲೇ ರಕ್ತ ಹೀರಾವ್ರು’ ಎಂದ ಒಬ್ಬ.

ಡಾಕ್ಟರು ಕೇಳದವರ ಹಾಗೆ ಜ್ವರ ನೋಡಿದರು, ಕಣ್ಣ ಗುಡ್ಡೆಯ ಮೇಲಿನ ಮಂಜನ್ನು ನೋಡಿದರು, ಕಿವಿಯಿಂದ ಒಂದು ಹನಿ ತೆಗೆದು ನನಗೆ ಕೊಟ್ಟರು. ಜೀಪಿನ ಬಾನೆಟ್ಟಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಬಿಸಿಲನ್ನು ಕನ್ನಡಿಗೆ ಹಿಡಿದು, ಕಣ್ಣಿಟ್ಟೆ. ಕೆಂಪು ಕಣಗಳ ನಡುವೆ ಸಣ್ಣ ಚಾಟಿಗಳು ಹೊರಳಾಡುತ್ತಿದ್ದವು. ಒಂದಲ್ಲ, ಎರಡಲ್ಲ. ಕಣಗಳನ್ನು ತಳ್ಳಿಕೊಂಡು, ನುಗ್ಗಿಕೊಂಡು, ಕಾಣುವಷ್ಟೂ ಜಾಗದಲ್ಲಿ ಅವೇ. ಪುಸ್ತಕದಲ್ಲಿ ನೋಡಿದ್ದು ಜೀವಂತ ಕಂಡ ಖುಷಿಯಲ್ಲಿ ‘ಸರ್, ಭಾಳ ಅವ!’ ಎಂದು ಕೂಗಿದೆ.

ಇಸ್ತ್ರಿ ಅಂಗಿಯವನು ನನ್ನನ್ನು ಸರಿಸಿ ತಾನೇ ಬಗ್ಗಿ ನೋಡಿದ. ನೋಡುತ್ತಲೇ ಇದ್ದ. ತಲೆ ಎತ್ತಿದಾಗ ಅವನ ಮುಖದಲ್ಲಿ ನಗು ಇರಲಿಲ್ಲ.

‘ಅವತ್ತ ಹುಳ ಇದ್ದಿದ್ದಿಲ್ಲ. ಹೌದಲ್ರಿ ಅಕ್ಕೋರ? ನೀವ ನೋಡಿ ನೀವ ಹೇಳಿದ್ರಿ.’

‘ಅವತ್ತ ಕಾಣಲಿಲ್ಲ ಅಂದೆ.’

‘ಇವತ್ತ ಬುಳುಬುಳು ಅನ್ನಾಕತ್ತಾವ. ನಡುವ ಈ ಎತ್ತಿಗೆ ಸೂಜಿ ಚುಚ್ಚಿದವ್ರು ಯಾರು? ನೀವು. ಮತ್ತ ಯಾರರೆ ಚುಚ್ಚ್ಯಾರೇನ್ರಪಾ?’ ಅವನು ಜನರ ಕಡೆಗೆ ತಿರುಗಿದ. ‘ಹಂಗಾರ ಈ ಹುಳ ಎಲ್ಲಿಂದ ಬಂದುವು?’

ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿದ್ದೇನೋ. ಉತ್ತರ ಗೊತ್ತಿತ್ತು. ಅಲೆ ಏರಿದೆ, ಓಡಿಸಿದ್ದರಿಂದ ಏರಿದೆ, ಕಾರ್ಡು ಮೊದಲೇ ಹೇಳಿತ್ತು. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಸಿಗುವ ಉತ್ತರ. ಆದರೆ ಅವನ ಮಾತಿನಲ್ಲಿ ಸುಳ್ಳು ಒಂದೂ ಇರಲಿಲ್ಲ. ಅಂದು ಕಂಡಿರಲಿಲ್ಲ, ಇಂದು ಕಂಡಿದೆ, ನಡುವೆ ಸೂಜಿ ಚುಚ್ಚಿದವರು ನಾವೇ. ನಮ್ಮ ಪುರಾವೆಯನ್ನೇ ಉರುಳು ಮಾಡಿ ನಮ್ಮ ಕುತ್ತಿಗೆಗೆ ಹಾಕಿದ್ದ. ನಾನು ಬಾಯಿ ತೆರೆದಾಗ ಕೇಳಿಸಿಕೊಳ್ಳುವ ಒಂದು ಮುಖವೂ ಅಲ್ಲಿರಲಿಲ್ಲ.

ಹಿಂದಿನಿಂದ ಇನ್ನೊಬ್ಬನ ದನಿ ಬಂತು: ‘ಇಂಥವರಿಗೆ ನಮ್ಮ ಎತ್ತು ಬೀಳೋದ ಬೇಕಾಗಿತ್ತು.’

‘ಇಂಥವರು’ ಎಂದರೆ ಯಾರೆಂದು ಯಾರೂ ಕೇಳಲಿಲ್ಲ. ಕಾಲುವೆಯ ಕಟ್ಟೆಯ ಮೇಲೆ ಪಟಗ ಸುತ್ತಿಕೊಂಡು ಕುಳಿತ ಹಿರಿಯರಿದ್ದರು. ಒಬ್ಬರಾದರೂ ಗದರಿಸುತ್ತಾರೆ ಎಂದುಕೊಂಡೆ. ಅವರು ಎತ್ತನ್ನೇ ನೋಡುತ್ತಿದ್ದರು.

ಡಾಕ್ಟರು ನನ್ನ ಹತ್ತಿರ ಬಂದು ಪೆಟ್ಟಿಗೆ ತೆರೆಯುವ ನೆವದಲ್ಲಿ ಬಗ್ಗಿದರು. ‘ಈ ಔಷಧ ಕೊಟ್ಟ ಮ್ಯಾಲ ಎತ್ತು ನಡುಗತೈತಿ. ಒಳಗ ಒಮ್ಮೆಲೆ ಹುಳ ಸತ್ತುವಂದ್ರ ಮೈಯಾಗಿನ ಸಕ್ಕರಿ ಇಳೀತೈತಿ. ಬಿದ್ದರೂ ಬೀಳಬಹುದು.’

‘ಹಂಗಾರ ಬ್ಯಾಡ ಸರ್. ಔಷಧ ತಂದಿಲ್ಲ ಅಂತ ಹೇಳ್ರಿ. ಹೋಗೋಣ.’

‘ಕೊಡಲಿಲ್ಲಂದ್ರ ನಾಳಿ ಇರಂಗಿಲ್ಲ ಇದು.’

‘ಎತ್ತು ಇರಲಿಲ್ಲಂದ್ರ ಏನಾತು? ನೀವು?’

ಅವರು ನನ್ನ ಮುಖ ನೋಡಲಿಲ್ಲ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು: ಎತ್ತು ನಡುಗುತ್ತದೆ, ಜೊಲ್ಲು ಸುರಿಸುತ್ತದೆ, ಬೀಳಬಹುದು, ಬಿದ್ದದ್ದು ಏಳಲೂಬಹುದು, ಕೊಡದಿದ್ದರೆ ಮಾತ್ರ ಖಂಡಿತ ಸಾಯುತ್ತದೆ. ಅಷ್ಟು ಪ್ರಾಮಾಣಿಕತೆಗೆ ಆ ಜನ ಯೋಗ್ಯರಾಗಿರಲಿಲ್ಲ.

‘ಬಿದ್ದು ಏಳಲಿಲ್ಲಂದ್ರ?’ ಇಸ್ತ್ರಿ ಅಂಗಿಯವನು ಮೊಬೈಲು ಎತ್ತಿ ಅವರ ಮುಖಕ್ಕೆ ಹಿಡಿದ. ‘ಇದರಾಗ ಹೇಳ್ರಿ ಸಾಹೇಬ್ರ. ಏಳಲಿಲ್ಲಂದ್ರ?’

ರೈತ ಮೂಗುದಾರ ಹಿಡಿದು ನಿಂತಿದ್ದ. ಅವನ ಮೀಸೆಯೆಲ್ಲ ಒದ್ದೆಯಾಗಿತ್ತು. ‘ಮಾಡ್ರಿ’ ಎಂದ. ‘ನನ್ನ ಎತ್ತು. ನಾ ಹೇಳಾಕತ್ತೇನಿ. ಮಾಡ್ರಿ.’

ಮೊದಲು ಗ್ಲೂಕೋಸಿನ ಬಾಟಲಿಯನ್ನು ನಿಂಬೆಯ ಕೊಂಬೆಗೆ ಕಟ್ಟಿ ನರಕ್ಕೆ ಇಳಿಸಿದರು. ಆಮೇಲೆ ಔಷಧವನ್ನು ಕುತ್ತಿಗೆಯ ಚರ್ಮದಡಿಯಲ್ಲಿ ಬೇರೆ ಬೇರೆ ಕಡೆ ಹಂಚಿ ಕೊಟ್ಟರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಂತರ ಭುಜದ ಮೇಲಿನ ಚರ್ಮ, ನೊಣ ಓಡಿಸುವಾಗ ಅದುರುವಂತೆ, ಅದುರತೊಡಗಿತು. ಆ ನಡುಕ ಹೊಟ್ಟೆಗೆ ಇಳಿಯಿತು, ತೊಡೆಗೆ ಇಳಿಯಿತು. ಬಾಯಿಂದ ದಾರದಂತೆ ಜೊಲ್ಲು. ಮುಂಗಾಲು ಮಡಚಿತು. ಆ ದೊಡ್ಡ ಮೈ ಒಂದು ಪಕ್ಕಕ್ಕೆ ಬಿದ್ದಾಗ ನನ್ನ ಪಾದದ ಕೆಳಗಿನ ನೆಲ ಅದುರಿತು.

ಆಮೇಲಿನದು ಬಿಡಿಬಿಡಿಯಾಗಿ ನೆನಪಿದೆ. ಡಾಕ್ಟರ ಕನ್ನಡಕ ಹಾರಿ ಮಣ್ಣಿಗೆ ಬಿದ್ದದ್ದು. ಅದರ ಮೇಲೆ ಯಾರದೋ ಚಪ್ಪಲಿ. ಅವರ ಬೆನ್ನಿಗೆ ಬಿದ್ದ ಗುದ್ದಿನ ಸದ್ದು, ಚೀಲ ಬಡಿದ ಹಾಗೆ. ನಾನು ನನ್ನ ಫೋನು ತೆಗೆದಿರಬೇಕು. ಅಷ್ಟರಲ್ಲಿ ಅದು ನನ್ನ ಕೈಯಲ್ಲಿರಲಿಲ್ಲ. ‘ನನ್ನ ಕಡೆ ಇರ್ಲಿ ಅಕ್ಕೋರ, ಜೋಪಾನ ಇಡ್ತೇನಿ’ ಎಂದ ಇಸ್ತ್ರಿ ಅಂಗಿಯವನು, ಬಲು ಮರ್ಯಾದೆಯಿಂದ. ರೈತನ ತಾಯಿ ನನ್ನ ರಟ್ಟೆ ಹಿಡಿದು ನೆರಳಿಗೆ ಎಳೆದಳು. ಒಕ್ಕಲುತನ ಮಾಡಿದ ಕೈ, ಬಿಡಿಸಿಕೊಳ್ಳಲಾಗಲಿಲ್ಲ.

‘ನೀ ಸುಮ್ಮ ಕುಂಡ್ರು. ನಿನಗ ಯಾರೂ ಏನೂ ಮಾಡಂಗಿಲ್ಲ. ನೀ ನಮ್ಮಾಕಿ.’

‘ಮತ್ತ ಅವರು?’

‘ಅವರು ಡಾಕ್ಟರ’ ಎಂದಳು ಮುದುಕಿ, ಬೇರೆ ಎಲ್ಲೋ ನೋಡುತ್ತ.

ನಾನು ನಮ್ಮಾಕಿ ಆದದ್ದು ಯಾವಾಗ? ಆ ಊರಿಗೆ ನಾನು ಡಾಕ್ಟರಷ್ಟೇ ಪರಕೀಯಳು. ಅವರಿಗಿಂತ ಕೆಟ್ಟ ಕನ್ನಡ ಆಡುವವಳು. ನನಗೆ ಸಿಕ್ಕ ಆ ರಕ್ಷಣೆಯನ್ನು ನೆನೆದಾಗ ಈಗಲೂ ಮೈ ಉರಿಯುತ್ತದೆ.

ಮೂಗುದಾರದ ಹಗ್ಗದ ಇನ್ನೊಂದು ತುದಿಯನ್ನು ಡಾಕ್ಟರ ಬಲಗೈಯ ಮಣಿಕಟ್ಟಿಗೆ ಸುತ್ತಿ, ಗಂಟು ಹಾಕಿ, ಅವರನ್ನು ಎತ್ತಿನ ತಲೆಯ ಪಕ್ಕ ಕೂರಿಸಿದರು. ‘ಎತ್ತು ಎದ್ದಾಗ ಏಳು’ ಎಂದ ಒಬ್ಬ. ‘ರಿ’ ಬಿದ್ದುಹೋಗಿತ್ತು. ಏಳದಿದ್ದರೆ ಏನು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎತ್ತು ಕಟ್ಟುವ ಗೂಟವೊಂದನ್ನು ಯಾರೋ ಕಿತ್ತು ಹೆಗಲ ಮೇಲೆ ಇಟ್ಟುಕೊಂಡು ನಿಂತಿದ್ದ.

ಜನ ಕೂತರು. ಎಲೆ ಅಡಿಕೆ ಹೊರಬಂತು. ನನಗೆ ಅದೇ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು, ಅವರು ಆರಾಮಾಗಿ ಕೂತದ್ದು.

‘ಕಣ್ಣ ತೆರದಾನ ನೋಡಲೇ.’

‘ಯಾರು, ಎತ್ತೋ ಡಾಕ್ಟರೋ?’

‘ಇಬ್ಬರೂ ಪಿಳಿಪಿಳಿ ಅನ್ನಾಕತ್ತಾರ.’

ನಗು ಗುಂಪಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು.

ಡಾಕ್ಟರು ಎಡಗೈಯಿಂದ ಎತ್ತಿನ ಎದೆ ಮುಟ್ಟಿ ನೋಡುತ್ತಿದ್ದರು. ಗ್ಲೂಕೋಸು ಮುಗಿದಾಗ ‘ಇನ್ನೊಂದು ಬಾಟಲಿ ಹಚ್ಚಬೇಕು’ ಎಂದರು. ಯಾರೂ ಅಲುಗಲಿಲ್ಲ. ‘ಎತ್ತು ಬದುಕಬೇಕೋ ಬ್ಯಾಡೋ?’ ಎಂದು ಅವರು ಕೇಳಿದ್ದು ಮೊದಲ ಬಾರಿ ದನಿ ಏರಿಸಿ. ನಾನು ಮುದುಕಿಯ ಕೈ ಕೊಡವಿ ಪೆಟ್ಟಿಗೆಯತ್ತ ಓಡಿದೆ. ಬಾಟಲಿ ಎತ್ತಿ ಹಿಡಿದವನು, ನಂಬಿದರೆ ನಂಬಿ, ಅದೇ ಇಸ್ತ್ರಿ ಅಂಗಿಯವನು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಮೊಬೈಲು. ‘ಮ್ಯಾಲ ಹಿಡಿ, ಇನ್ನೂ ಮ್ಯಾಲ’ ಎಂದರು ಡಾಕ್ಟರು. ಅವನು ಹಿಡಿದ.

ಬಿಸಿಲು ಗಿಡದ ಬುಡದಿಂದ ಸರಿದು ಎತ್ತಿನ ಹೊಟ್ಟೆಯ ಮೇಲೆ ಬಂತು. ನಡುಕ ನಿಂತಿತು. ನಿಂತದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನಗೆ ತಿಳಿಯಲಿಲ್ಲ; ಡಾಕ್ಟರ ಮುಖ ನೋಡಿದೆ, ಕನ್ನಡಕವಿಲ್ಲದ ಆ ಮುಖದಲ್ಲಿ ಏನೂ ಓದಲಾಗಲಿಲ್ಲ. ಎತ್ತು ಉಚ್ಚೆ ಹೊಯ್ಯಿತು. ಕಿವಿ ಒಮ್ಮೆ ಹೊಡೆಯಿತು. ತಲೆ ಎತ್ತಿ, ಎದೆ ಊರಿ ಕೂತಿತು. ಜನ ಎದ್ದು ನಿಂತರು.

ಹಿಂಗಾಲು ಎತ್ತಿತು. ಸೊಂಟ ಮೇಲೆ ಬಂತು, ತೂಗಿತು, ಮತ್ತೆ ಧಡ್ಡನೆ ಕುಸಿಯಿತು. ಹಗ್ಗ ಎಳೆದ ರಭಸಕ್ಕೆ ಡಾಕ್ಟರು ಮುಖ ಅಡಿಯಾಗಿ ಮಣ್ಣಿಗೆ ಬಿದ್ದರು. ಹೆಗಲ ಮೇಲಿದ್ದ ಗೂಟ ಕೆಳಗಿಳಿದು ಕೈಗೆ ಬಂತು.

ನನ್ನನ್ನು ಬಿಡದಿರುವುದು ಆ ಗಳಿಗೆ. ತರಗತಿಯಲ್ಲಿ ಈ ಜೀವಿಯ ಜೀವನಚಕ್ರದ ಚಿತ್ರ ಬಿಡಿಸುವಾಗ, ನೊಣದಿಂದ ಎತ್ತಿಗೆ, ಎತ್ತಿನಿಂದ ನೊಣಕ್ಕೆ ಬಾಣ ಎಳೆಯುವಾಗ, ಸೀಮೆಸುಣ್ಣ ಅಲ್ಲೇ ನಿಲ್ಲುತ್ತದೆ. ಎತ್ತು ಆಗ ಸತ್ತಿದ್ದರೂ ನಮ್ಮ ಪರೀಕ್ಷೆ ಸರಿಯೇ ಇತ್ತು, ಔಷಧ ಸರಿಯೇ ಇತ್ತು, ಡಾಕ್ಟರು ಹೇಳಿದ್ದೆಲ್ಲ ಸರಿಯೇ ಇತ್ತು. ಅದರಿಂದ ಅವರಿಗೆ ಎಳ್ಳಷ್ಟೂ ಉಪಯೋಗವಾಗುತ್ತಿರಲಿಲ್ಲ. ಜ್ವರದಲ್ಲಿ ಬಳಲಿದ ಒಂದು ಮೂಕ ಪ್ರಾಣಿಯ ಹಿಂಗಾಲಿನ ಬಲಕ್ಕೆ ಒಬ್ಬ ಮನುಷ್ಯನನ್ನು ಕಟ್ಟಿಹಾಕಿದ್ದರು.

ಎತ್ತು ಎರಡನೆಯ ಸಲ ಸೊಂಟ ಎತ್ತಿತು. ಮುಂಗಾಲಿನ ಮಂಡಿ ಊರಿ ಸ್ವಲ್ಪ ಹೊತ್ತು ಹಾಗೇ ಇತ್ತು, ಉಸಿರು ತೆಗೆದುಕೊಳ್ಳುತ್ತ. ಒಂದು ಗೊರಸು ನೆಲಕ್ಕಿಟ್ಟಿತು. ಇನ್ನೊಂದು. ಎದ್ದು ನಿಂತಿತು, ತಲೆ ಎತ್ತಿತು. ತಲೆಯೊಂದಿಗೆ ಹಗ್ಗವೂ ಮೇಲೆದ್ದು, ಹಗ್ಗದೊಂದಿಗೆ ಡಾಕ್ಟರ ಕೈಯೂ ಮೇಲೆದ್ದು, ಕೈಯ ಹಿಂದೆ ಅವರೂ ಎದ್ದರು.

ಕೇಕೆ, ಸೀಟಿ. ಯಾರೋ ಭಂಡಾರದ ಅರಿಶಿಣ ತಂದು ಎತ್ತಿನ ಹಣೆಗೆ ಹಚ್ಚಿದರು, ಅದೇ ಕೈಯಲ್ಲಿ ಡಾಕ್ಟರ ಹಣೆಗೂ ಹಚ್ಚಲು ಬಂದರು. ಅವರು ಮುಖ ಸರಿಸಿದರು. ಗೂಟ ಹಿಡಿದವನು ಗೂಟವನ್ನು ನೆಲಕ್ಕೆ ಬಿಸುಟು ಎತ್ತಿನ ಬೆನ್ನು ತಟ್ಟಿದ. ಗಂಟು ಬಿಗಿದುಕೊಂಡಿತ್ತು. ರೈತ ಹಲ್ಲಿನಿಂದ ಕಚ್ಚಿ ಬಿಚ್ಚಿದ.

‘ಸಿಟ್ಟ ಆಗಬ್ಯಾಡ್ರಿ ಸಾಹೇಬ್ರ’ ಎಂದ ಇಸ್ತ್ರಿ ಅಂಗಿಯವನು, ನನ್ನ ಫೋನನ್ನು ಅಂಗಿಯ ತುದಿಯಿಂದ ಒರೆಸಿ ವಾಪಸು ಕೊಡುತ್ತ. ‘ಎತ್ತಿನ ಇಚಾರ ಅಂದ್ರ ನಮ್ಮ ಮಂದಿಗೆ ತಲಿ ನಿಲ್ಲಂಗಿಲ್ಲ. ಬರ್ರಿ, ಚಾ ಕುಡದು ಹೋಗ್ರಿ.’

‘ಹೋಗೋಣ ಸರ್, ಹೋಗೋಣ’ ಎನ್ನುತ್ತಿದ್ದೆ ನಾನು. ಅವರು ಪೆಟ್ಟಿಗೆಯಿಂದ ಸೂಜಿ ತೆಗೆದು ಎತ್ತಿನ ಕಿವಿಯತ್ತ ಹೋದರು. ಔಷಧದ ನಂತರದ ರಕ್ತ ಬೇಕು ಎಂದು. ಮತ್ತೆ ಅದೇ ರಕ್ತ, ಮತ್ತೆ ಅದೇ ಜನರ ನಡುವೆ! ಡಾಕ್ಟರ ಮೇಲೆ ನನಗೆ ಬಂದ ಸಿಟ್ಟು ಊರಿನ ಮೇಲಿನ ಸಿಟ್ಟಿಗಿಂತ ಕಡಿಮೆಯದಲ್ಲ. ಜನ ಪಕ್ಕಕ್ಕೆ ಸರಿದು ದಾರಿ ಕೊಟ್ಟರು. ಸ್ಲೈಡಿನ ಮೇಲೆ ಹನಿಯನ್ನು ನಾನು ಎಳೆದೆ. ಅದು ತೆಳುವಾಗಿ ಹರಡದೆ ಒಂದು ಕಲೆಯಾಯಿತು, ಅಷ್ಟೆ. ಡಾಕ್ಟರು ಊದಿದ ಮಣಿಕಟ್ಟಿನ ಕೈಯಲ್ಲೇ ಇನ್ನೊಂದನ್ನು ಎಳೆದರು.

ರೈತ ಜೀಪಿನ ತನಕ ಬಂದ. ‘ಮತ್ತ ಯಾವಾಗ ಬರ್ತೀರಿ?’

‘ಮಣ್ಣೆತ್ತಿನ ಅಮಾಸಿ ಹೊತ್ತಿಗೆ ಮತ್ತ ರಕ್ತ ನೋಡಬೇಕು. ಎತ್ತು ಗಾಡ್ಯಾಗ ಹೇರಿಕೊಂಡು ಇಂಡಿ ದವಾಖಾನಿಗೆ ಬಾ.’

‘ನೀವ ಬರ್ರಿ ಸಾಹೇಬ್ರ.’

‘ಇಲ್ಲ. ನಾ ಇಲ್ಲಿ ಬರಂಗಿಲ್ಲ.’

‘ನೋಡ್ರಲೇ ಸೊಕ್ಕ’ ಎಂದಿತು ಹಿಂದಿನಿಂದ ಒಂದು ದನಿ. ‘ಕರದ ಚಾ ಕೊಟ್ಟರ ಕುಡೀಲಿಲ್ಲ.’

ತಾಂಬಾದ ಹತ್ತಿರ ಅವರು ಜೀಪು ನಿಲ್ಲಿಸಿದರು. ಬಲಗೈ ಸ್ಟೇರಿಂಗು ಹಿಡಿಯುತ್ತಿರಲಿಲ್ಲ. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಉಸುಕಿನ ಟ್ರ್ಯಾಕ್ಟರುಗಳು ನಮ್ಮನ್ನು ಅಲುಗಿಸಿ ಹೋಗುತ್ತಿದ್ದವು. ಒಂದೊಂದು ಬೈಕು ಹಿಂದಿನಿಂದ ಬಂದಾಗಲೂ ನಾನು ತಿರುಗಿ ನೋಡುತ್ತಿದ್ದೆ.

‘ಏಳದಿದ್ರ ಏನ ಮಾಡ್ತಿದ್ರಿ?’ ಎಂದು ಕೇಳಿದೆ. ಕೇಳಿದ್ದಲ್ಲ, ಕಿರುಚಿದ್ದು.

ಅವರು ರಸ್ತೆಯತ್ತ ಕಣ್ಣು ಕಿರಿದು ಮಾಡಿದರು. ಕನ್ನಡಕವಿಲ್ಲದೆ ಮುಂದಿನದು ಅವರಿಗೆ ಮಸುಕು ಮಸುಕಾಗಿ ಕಾಣುತ್ತಿದ್ದಿರಬೇಕು.

‘ಸ್ಲೈಡ್ ಒಣಗೇತೇನು ನೋಡವಾ’ ಎಂದರು.

ಒಣಗಿತ್ತು.